ಕಡಲಿಗೆ ಹೋದವನು

"ಕಡಲಿಗೆ ಹೋಗಿದ್ದಾರೆ" ಎಂಬ ಮಾತು ಕುಮುದಿನಿಯ ಬಾಯಿಂದ ತಾನಾಗಿಯೇ ಬಂತು. ಗಂಡ ರೋಷನ್ ಎಲ್ಲಿ ಎಂದು ಯಾರು ಕೇಳಿದರೂ ಕೆಲವು ತಿಂಗಳಿಂದ ಅವಳದು ಇದೊಂದೇ ಉತ್ತರ. ಬಸ್ಸಿನಲ್ಲಿ ಪಕ್ಕ ಕೂತಿದ್ದ ನೆರೆಮನೆಯ ಜಲಜಕ್ಕ ಗೊಳ್ಳೆಂದು ನಕ್ಕಳು. "ಎಂತ ಮಾರಾಯ್ತಿ, ಜುಲೈಯಲ್ಲಿ ಯಾವ ಕಡಲು? ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಅಂತ ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲೇ ಉಂಟಲ್ಲ!"

ಕುಮುದಿನಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಈಗ ಇನ್ನೊಂದು ಸುಳ್ಳು ಹುಡುಕಬೇಕು. ಅವನ ಸುಳ್ಳನ್ನು ನಂಬಿ ನಂಬಿ ಒಮ್ಮೆ ಸಾಕಾಗಿತ್ತು, ಅದನ್ನೇ ಅವನಿಗಾಗಿ ಹೇಳಿ ಹೇಳಿ ಈಗ ಇನ್ನೂ ಸಾಕಾಗಿತ್ತು.

"ನನಗೂ ಹೀಗೇ ಹೇಳ್ತಿದ್ದ, ಜಲಜಕ್ಕ," ಎಂದಳು. "ಕಡಲಿಗೆ ಹೋಗ್ತೇನೆ, ಅಲ್ಲಿ ಫೋನ್ ಸಿಗುವುದಿಲ್ಲ ಅಂತ. ಪೇಟೆಯಲ್ಲಿ ಪಂಪ್‌ವೆಲ್ ಹತ್ತಿರ ಅವನಿಗೆ ಬೇರೆ ಸಂಸಾರ ಉಂಟು. ಈಗ ಅಲ್ಲೇ ಇದ್ದಾನೆ."

ಜಲಜಕ್ಕನ ನಗು ಆರಿತು. ಮಡಿಲಲ್ಲಿದ್ದ ತರಕಾರಿ ಚೀಲವನ್ನು ಕಾಲಬಳಿ ಇಟ್ಟು ಕಿಟಕಿಯತ್ತ ಸರಿದು ಜಾಗ ಮಾಡಿದಳು. ಕುಮುದಿನಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಎಷ್ಟು ಸೋತಿದ್ದೀ! ಒರಗಿಕೋ, ನಮ್ಮ ಸ್ಟಾಪ್ ಬಂದಾಗ ನಾನು ಎಬ್ಬಿಸ್ತೇನೆ" ಎಂದಳು.

ಕುಮುದಿನಿ ಆ ಮಾತನ್ನು ನಂಬಿ ಕಣ್ಣು ಮುಚ್ಚಿದಳು.