ಹುಳುಕು ಹಲ್ಲಿನ ಬುದ್ಧಿಮಾತು

ಬಾಯಲ್ಲಿ ಮೂಡಿದ ಹಲ್ಲೆಲ್ಲ ಮಾತು ಕಲಿಯುವ ಆ ಊರಿನಲ್ಲಿ ಹುಳುಕು ಹಲ್ಲುಗಳದ್ದೇ ಗಂಟಲು ಜೋರು. ಗುರಸಿದ್ದವ್ವನ ಮೇಲ್ದವಡೆಯ ಹಲ್ಲಂತೂ ಅವಳು ಡಾಕ್ಟರ ಕುರ್ಚಿಯಲ್ಲಿ ಒರಗಿದ ಮೇಲೂ ಸುಮ್ಮನಾಗಲಿಲ್ಲ.

“ಮ್ಯಾಲಿನ ಹಲ್ಲು ಕಿತ್ತರ ಕಣ್ಣು ಹೋಗ್ತಾವ ಅವ್ವಾ. ಆಮ್ಯಾಲೆ ಕಸೂತಿ ಹೆಂಗ ಹಾಕ್ತಿ?”

ಒರಗಿದ್ದ ಗುರಸಿದ್ದವ್ವ ಎದ್ದು ಕೂತಳು. ಬಟ್ಟೆಯ ಎಳೆ ಎಣಿಸಿ ಸೀರೆಗೆ ಕಸೂತಿ ಹಾಕುವವಳಿಗೆ ಕಣ್ಣೇ ಅನ್ನ. ಕೆನ್ನೆ ಬಾತು ಗಂಜಿಯೂ ಇಳಿಯದಂತಾಗಿದ್ದರೂ ಅವಳು ಡಾಕ್ಟರ್ ಹೆಬಸೂರರನ್ನು ಅನುಮಾನದಿಂದಲೇ ದಿಟ್ಟಿಸಿದಳು. ಅವರ ಮೂಗಿನ ಮೇಲೆ ಎಂಥ ದಪ್ಪ ಕನ್ನಡಕ!

“ನೀವೂ ಮ್ಯಾಲಿನ ಹಲ್ಲು ತಗಸೀರೇನ್ರಿ?”

ಡಾಕ್ಟರು ನಕ್ಕರು. “ಹಲ್ಲಿಗೂ ಕಣ್ಣಿಗೂ ಏನೂ ಸಂಬಂಧ ಇಲ್ಲವ್ವಾ. ಈ ಕನ್ನಡಕ ನಾ ಸಾಲಿಗೆ ಹೋಗೂವಾಗಿಂದ ಐತಿ.”

“ಸುಳ್ಳು, ಸುಳ್ಳು!” ಎಂದಿತು ಹಲ್ಲು.

ಅದರ ಗಾಬರಿ ಕೇಳಿ ಗುರಸಿದ್ದವ್ವನಿಗೆ ಈಗ ಹಲ್ಲಿನ ಮೇಲೂ ಗುಮಾನಿ ಹುಟ್ಟಿತು. ಅವಳು ಮೆಲ್ಲಗೆ ಕೇಳಿದಳು: “ಅಲ್ಲೋ, ನೀ ಕೆಳಗಿನ ಹಲ್ಲಾಗಿದ್ರ ಏನಂತಿದ್ದಿ?”

“ಕಿವಿ ಹೋಗ್ತಾವ ಅಂತಿದ್ದೆ,” ಎಂದುಬಿಟ್ಟಿತು ಹಲ್ಲು.

“ಕೀಳ್ರಿ ಡಾಕ್ಟರ,” ಎಂದವಳೇ ಗುರಸಿದ್ದವ್ವ ಅಗಲಕ್ಕೆ ಬಾಯಿ ತೆರೆದಳು.

ತಟ್ಟೆಗೆ ಬಿದ್ದ ಮೇಲೂ ಹಲ್ಲು ಅರಚುತ್ತಲೇ ಇತ್ತು: “ಹೋದುವು, ಕಣ್ಣು ಹೋದುವು!”

ಹತ್ತಿಯುಂಡೆ ಕಚ್ಚಿಕೊಂಡೇ ಗುರಸಿದ್ದವ್ವ ಒಂದು ಕಣ್ಣು ಮುಚ್ಚಿ ನೋಡಿದಳು, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದಳು.

“ನಿನ್ನ ಹೊಟ್ಟ್ಯಾಗಿನ ಕರೇ ತೂತು ಎರಡೂ ಕಣ್ಣಿಗೆ ಛಲೋ ಕಾಣಾಕ ಹತ್ತೇತಿ,” ಎಂದಳು.