ನೂರಕ್ಕೆ ನೂರು

"ಬ್ರೇಕ್ ಒತ್ತಿದ್ರಾ?" ವಿಮಾ ಕಂಪನಿಯ ತನಿಖೆಗಾರ ಮೂರನೇ ಸಲ ಕೇಳಿದ.

"ಒತ್ತಿದೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ." ಅವಳು ಮೂರನೇ ಸಲವೂ ಅಷ್ಟನ್ನೇ ಹೇಳಿದಳು. "ಬೆಳಿಗ್ಗೆ ನಮ್ಮನೆಯವರೇ ಶೆಡ್ಡಿನ ನೆಲ ತೊಳೆದಿದ್ರು. ಚಕ್ರ ಜಾರಿಬಿಡ್ತು."

ಅವನು ಬರೆದುಕೊಂಡ. ಅವಳ ಗಂಡ ಸತ್ತು ಹನ್ನೆರಡು ದಿನವಾಗಿತ್ತು. ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತು, "ಬಾ, ಬಾ" ಎಂದು ಕೈಯಾಡಿಸುತ್ತ ಕಾರನ್ನು ಒಳಗೆ ಕರೆಯುತ್ತಿದ್ದವನು ಅಲ್ಲೇ ಅಪ್ಪಚ್ಚಿಯಾಗಿದ್ದ. ಕಡತ ಮುಚ್ಚಲು ಪೊಲೀಸರು ಈ ತನಿಖೆಗಾರನ ವರದಿಗೆ ಕಾಯುತ್ತಿದ್ದರು. ಅಪಘಾತವೆಂದು ಇವನು ಒಪ್ಪಿದರೆ ಅವಳು ವಿಧವೆ, ಒಪ್ಪದಿದ್ದರೆ ಕೊಲೆಗಾತಿ.

ಪಕ್ಕದಲ್ಲಿ ಕೂತಿದ್ದ ಮೈದುನನಿಗೆ ರೇಗಿತು. "ಯಾರನ್ನ ಏನು ಕೇಳ್ತಿದೀರ ಸ್ವಾಮಿ? ನಮ್ಮಣ್ಣ ಇವರಿಗೆ ಬ್ರೇಕಮ್ಮ ಅಂತಲೇ ಹೆಸರಿಟ್ಟಿದ್ದ. ಇರುವೆ ಅಡ್ಡ ಬಂದ್ರೂ ಕಾರು ನಿಲ್ಲಿಸೋರು ನಮ್ಮತ್ತಿಗೆ."

ಹೆಸರಿಟ್ಟಿದ್ದು ನಿಜ. ಗಂಡ ಗಣಿತದ ಮೇಷ್ಟ್ರು. ಎರಡೂ ಮಂಡಿ ಕೈಕೊಟ್ಟ ಮೇಲೆ ಸ್ಟಿಯರಿಂಗನ್ನು ಹೆಂಡತಿಗೆ ಒಪ್ಪಿಸಿ ಪಕ್ಕದ ಸೀಟಿಗೆ ಸರಿದಿದ್ದ. ಬಾಯಿ ಮಾತ್ರ ಅವನ ಬಳಿಯೇ ಉಳಿದಿತ್ತು. ವಿಮೆಯ ಪ್ರೀಮಿಯಂ ಏರಿದ ವರ್ಷ ಅವಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿದಂತೆ ನಿಲ್ಲಿಸಿ ಪಾಠ ಹೇಳಿದ್ದ.

"ಪ್ರೀಮಿಯಂ ಯಾತರ ಮೇಲೆ ಹೋಗತ್ತೆ? ಇಂಜಿನ್ನು. ಅದನ್ನ ಚಿಕ್ಕದು ಮಾಡಕ್ಕಾಗಲ್ಲ. ನಾವಿರೋ ಬೀದಿ. ಇಲ್ಲಿನ ಕಳ್ಳರನ್ನ ಓಡಿಸಕ್ಕಾಗಲ್ಲ. ನಿನ್ನ ವಯಸ್ಸು. ಅದಂತೂ ಇಳಿಯಲ್ಲ. ಉಳಿದಿದ್ದು ನಿನ್ನ ಬಲಗಾಲು ಒಂದೇ."

ಆ ಬಲಗಾಲಿನ ಮೇಲೆ ಕಣ್ಣಿಡಲು ಕಂಪನಿಯವರು ಒಂದು ಡಬ್ಬಿ ಕೊಟ್ಟರು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬ್ರೇಕಿನ ಪೆಡಲ್ಲಿಗೆ ತಂತಿ ಎಳೆದದ್ದು. ಪೆಡಲ್ ಜೋರಾಗಿ ತುಳಿದರೆ ಕೀಂ ಎನ್ನುತ್ತಿತ್ತು. ಒಂದು ಕೀಂಗೆ ನೂರರಲ್ಲಿ ಐದು ಅಂಕ ಖೋತಾ. ಅಂಕ ಹೆಚ್ಚಿದ್ದಷ್ಟೂ ಪ್ರೀಮಿಯಂ ಕಡಿಮೆ.

ಪ್ರತಿ ಭಾನುವಾರ ಅಂಕಪಟ್ಟಿ ಗಂಡನ ಫೋನಿಗೆ ಬರುತ್ತಿತ್ತು. ಅವನು ಗಟ್ಟಿಯಾಗಿ ಓದುತ್ತಿದ್ದ. ಮನೆಗೆ ನೆಂಟರು ಬಂದಿದ್ದರೆ ಇನ್ನೂ ಗಟ್ಟಿಯಾಗಿ. ಕಳೆದುಕೊಂಡ ಒಂದೊಂದು ಅಂಕಕ್ಕೆ ಒಂದೊಂದು ದಿನ ಅವಳು ತವರಿಗೆ ಫೋನು ಮಾಡುವಂತಿರಲಿಲ್ಲ. ಅವಳ ತಾಯಿ ಹಾಸಿಗೆ ಹಿಡಿದು ತೀರಿಕೊಂಡಾಗ ಅವಳ ಲೆಕ್ಕದಲ್ಲಿ ಹದಿನೈದು ಅಂಕ ಬಾಕಿಯಿತ್ತು.

ಆಮೇಲೊಂದು ದಿನ ಮುದುಕಿಯೊಬ್ಬಳು ಥಟ್ಟನೆ ರಸ್ತೆಗಿಳಿದಳು. ಡಬ್ಬಿ ಕೀಂ ಎಂದಿತು.

"ಯಾಕೆ ತುಳಿದೆ?"

"ಅಜ್ಜಿ ಸಾಯ್ತಿದ್ಲು ರೀ."

"ಸರಿಯೋರು ಸರೀತಾರೆ. ಇನ್ಮುಂದೆ ಯಾರೇ ಅಡ್ಡ ಬರಲಿ, ಕಾಲು ಮೆತ್ತಗಿರಲಿ. ತಿಳೀತಾ?"

ತಿಳಿಯಿತು ಎಂದು ಅವಳು ತಲೆಯಾಡಿಸಿದ್ದಳು.

ತನಿಖೆಗಾರ ಪೆನ್ನು ಎತ್ತಿದ. "ಅವತ್ತು ಡಬ್ಬಿ ಕೂಗ್ತಾ?"

ಅವಳು ಒಂದು ಗಳಿಗೆ ಶೆಡ್ಡಿನ ಕಡೆ ನೋಡಿದಳು. ಅವತ್ತು ಗಂಡನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ಅವನ ಎದೆಗೂಡಿನ ಜೊತೆ ಅದೂ ಪುಡಿಯಾಗಿತ್ತು. ಆಮೇಲೆ ಒಂದು ಭಾನುವಾರ ಬಂದು ಹೋಗಿತ್ತು. ಮನೆಯಲ್ಲಿ ಯಾರೂ ಏನೂ ಗಟ್ಟಿಯಾಗಿ ಓದಿರಲಿಲ್ಲ.

"ಕೂಗದೆ ಇರತ್ತಾ? ಶೆಡ್ಡೆಲ್ಲ ಮೊಳಗ್ತು."

ಅವನು ಅದನ್ನೂ ಬರೆದ. ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದ. ಅವಳು ಸಹಿ ಹಾಕಿದಳು. ಮೈದುನ ಸಾಕ್ಷಿಯಾಗಿ ಕೆಳಗೆ ಸಹಿ ಹಾಕಿ, "ಇನ್ನಾದ್ರೂ ನೆಮ್ಮದಿಯಾಗಿರಿ ಅತ್ತಿಗೆ" ಎಂದ.

ತನಿಖೆಗಾರ ಕಾಗದವನ್ನು ಚೀಲದೊಳಗೆ ಜೋಪಾನವಾಗಿಟ್ಟು, ಅದೇ ಚೀಲದಿಂದ ಒಂದು ಲಕೋಟೆ ಹೊರತೆಗೆದ. ಮೇಲೆ ಮೇಷ್ಟ್ರ ಹೆಸರಿತ್ತು.

"ಫೋನಿಗೆ ತಲುಪದಿದ್ದರೆ ಅಂಕಪಟ್ಟೀನ ನಮ್ಮವರು ಮನೆಗೆ ಕಳಿಸ್ತಾರೆ. ಇದು ಅಪಘಾತ ಆದ ವಾರದ್ದು," ಎಂದು ಅವನೇ ಒಡೆದು ಗಟ್ಟಿಯಾಗಿ ಓದಿದ. "ಜೋರು ಬ್ರೇಕ್, ಸೊನ್ನೆ. ನೂರಕ್ಕೆ ನೂರು ಕಣಮ್ಮಾ. ಮೇಷ್ಟ್ರು ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ."