ಏಳದ ಕುಂಭಕರ್ಣ

ಸತ್ತ ನಾಯಿ ಮೂರನೇ ಸಲ ಮೂಗಿನ ಮುಂದೆ ತೇಲಿಹೋದರೂ ಕುಂಭಕರ್ಣ ಏಳಲಿಲ್ಲ.

ಮೈಕ್ ಹಿಡಿದು ಕಥೆ ಹೇಳುತ್ತಿದ್ದ ಯಿಮ್ ಗುರುಗಳಿಗೆ ಬೆವರು ಕಿತ್ತುಕೊಂಡು ಬಂತು. ಹೊಸ ವರ್ಷದ ಕೊನೆಯ ಆಟ; ಮೆಕಾಂಗ್ ದಂಡೆಯ ಊರಿಗೆ ಊರೇ ಬೌದ್ಧ ವಿಹಾರದ ಬಯಲಿನಲ್ಲಿ ನೆರೆದಿದೆ. ಇಲ್ಲಿನ ರಾಮಾಯಣದಲ್ಲಿ, ರಾಮನ ಸೇನೆ ಬಾಯಾರಿ ಸಾಯಲೆಂದು ರಾವಣ ತನ್ನ ತಮ್ಮನನ್ನು ನದಿಗೆ ಅಡ್ಡ ಮಲಗಿಸುತ್ತಾನೆ. ಕುಂಭಕರ್ಣನೋ ಮಹಾ ಮಡಿವಂತ. ಹನುಮಂತ ಕೊಳೆತ ನಾಯಿಯಾಗಿ ತೇಲಿಬಂದರೆ ನಾತ ತಾಳದೆ ಎದ್ದುಬಿಡುತ್ತಾನೆ, ಕಟ್ಟಿಕೊಂಡ ನೀರು ನುಗ್ಗುತ್ತದೆ. ಬಯಲಿನಲ್ಲಿ ತೋಡಿದ ಕಾಲುವೆಯ ಆ ನೀರು ಪಕ್ಕದ ಗದ್ದೆಗೆ ಬಿದ್ದರೆ ಆ ವರ್ಷ ಮಳೆ. ಬೀಳದಿದ್ದರೆ ಏನು ಗತಿ ಎಂಬುದು ಊರಿನಲ್ಲಿ ಯಾರಿಗೂ ತಿಳಿಯದು, ಬೀಳದ ವರ್ಷವೇ ಇರಲಿಲ್ಲ.

ಮೇಲ್ಗಡೆ ಹೆಂಗಸರು ಕೊಡಗಟ್ಟಲೆ ನೀರು ಸುರಿಯುತ್ತಲೇ ಇದ್ದರು. ಕುಂಭಕರ್ಣನಾಗಿ ಕಾಲುವೆಗೆ ಅಡ್ಡಲಾಗಿ ಮಲಗಿದ್ದ ಪ್ರಾಕನ ಬೆನ್ನ ಹಿಂದೆ ನೀರು ಭುಜದ ತನಕ ಏರಿತ್ತು. ವಾದ್ಯದವರು ಬಾರಿಸಿದ್ದನ್ನೇ ಬಾರಿಸಿ ಸುಸ್ತಾಗಿದ್ದರು. ಗುರುಗಳ ಅಳಿಯ, ಈ ವರ್ಷದ ಹೊಸ ರಾವಣ, ಎತ್ತರದ ಕಿರೀಟ ಹೊತ್ತು ಕೈಸನ್ನೆಯಲ್ಲಿ ಏಳು ಏಳು ಎನ್ನುತ್ತಿದ್ದ. ಗಾಳಿಗೆ ಗುದ್ದಿದ ಹಾಗಾಯಿತು.

ಗುರುಗಳು ಓಡಿಹೋಗಿ ಕುಂಭಕರ್ಣನ ಕಿವಿಯ ಬಳಿ ಕುಕ್ಕರಿಸಿದರು. ಗಾಬರಿಯಲ್ಲಿ ಕೈಯಲ್ಲಿದ್ದ ಮೈಕ್ ಆರಿಸುವುದನ್ನು ಮರೆತರು.

"ಏಳೋ ಪ್ರಾಕ್! ನಾತ ಹತ್ತಲಿಲ್ವೇನೋ? ನಾಯಿಗೆ ಒಂದು ಗಡಿಗೆ ಹಳೇ ಮೀನಿನ ಪ್ರಹೊಕ್ ಗೊಜ್ಜು ಬಳಿಸಿದೀನಿ!"

"ಹತ್ತಿತು ಗುರುಗಳೇ. ಹಸಿವಾಗ್ತಿದೆ. ಒಂದು ತಟ್ಟೆ ಅನ್ನ ಕಳಿಸಿ."

ಮುಖವಾಡ ಹಾಕಿದವರು ಬಾಯಿ ಬಿಡುವಂತಿಲ್ಲ, ಮಾತೆಲ್ಲ ಗುರುಗಳದೇ. ಈಗ ಕುಂಭಕರ್ಣನ ಸ್ವಂತ ದನಿ ನಾಲ್ಕೂ ಕಡೆಯ ಸ್ಪೀಕರುಗಳಲ್ಲಿ ಮೊಳಗಿತು. ಬಯಲಿಗೆ ಬಯಲೇ ಹೋ ಎಂದು ನಕ್ಕಿತು. ಗುರುಗಳಿಗೆ ಮಾತ್ರ ಅದು ತಲೆಗೇ ಹೋಗಲಿಲ್ಲ.

"ತಮಾಷೆ ಸಾಕು. ಏನೋ ನಿನ್ನ ತಕರಾರು?"

"ನಮ್ಮಣ್ಣ ಬಂದು ಏಳು ಅನ್ಲಿ, ಏಳ್ತೀನಿ. ತಲೆ ನರೆಯೋ ತನಕ ರಾವಣ ಆಗಿ ಕುಣಿದೋನು. ಪಾತ್ರ ಕಿತ್ಕೊಂಡ್ರಿ, ಹೋಗ್ಲಿ. ಮುಖವಾಡಗಳ ಪೂಜೆಗೆ ಬಾ ಅನ್ನೋಕೂ ಒಬ್ಬರಿಗೂ ಬಾಯಿ ಬರ್ಲಿಲ್ವಾ? ಹಬ್ಬದ ದಿನ ಬಾಗಿಲು ಹಾಕ್ಕೊಂಡು ಕೂತಿದಾನೆ."

"ಅಯ್ಯೋ ಪಾಪಿ! ಅವನ ಪಾತ್ರ ಬಿಡಿಸೋಣ ಅಂದಾಗ ನೀನೂ ಕೈ ಎತ್ತಿದೆಯಲ್ಲೋ!"

"ಎತ್ತಿದೆ. ಮಂಡಿ ಹೋಗಿದೆ, ಹೋದ ವರ್ಷ ಬಿದ್ದ. ಇನ್ನು ಬಿಟ್ಟುಬಿಡು ಅಂತ ಅವನ ಮುಖಕ್ಕೇ ಹೇಳಿದೀನಿ." ಮುಖವಾಡ ಗುರುಗಳ ಕಡೆ ತಿರುಗಿತು. "ತಪ್ಪು ಇದ್ರೆ ತಪ್ಪು ಅಂತೀನಿ ಗುರುಗಳೇ. ಆದ್ರೆ ಮಲಗೋದು ಮಾತ್ರ ನಮ್ಮಣ್ಣನ ಕಡೆಗೇ."

ಬಯಲಿನ ನಗು ನಿಂತುಹೋಯಿತು. ಆಗಲೇ ಗುರುಗಳಿಗೆ ಮೈಕಿನ ಕೆಂಪು ದೀಪ ಕಂಡದ್ದು. ಊರೆಲ್ಲ ತಮ್ಮನ್ನೇ ನೋಡುತ್ತಿತ್ತು. ಕರೆಯದೆ ಇದ್ದದ್ದು ಮರೆವಿನಿಂದಲ್ಲ, ಅಳಿಯನಿಗೆ ಪಾತ್ರ ಕೊಟ್ಟ ಮೇಲೆ ಪ್ರಾಕನ ಅಣ್ಣ ಸಂಬಥನ ಮುಖ ನೋಡುವ ಧೈರ್ಯ ಸಾಲದೆ. ಅಷ್ಟರಲ್ಲಿ ಕಾಲುವೆಯ ಅಂಚು ಒಂದು ಕಡೆ ಕುಸಿಯತೊಡಗಿತು. "ನೀರು ವಿಹಾರದ ಕಡೆ ತಿರುಗ್ತಿದೆ! ಗದ್ದೆಗೆ ಹೋಗಲ್ಲ!" ಎಂದು ಹೆಂಗಸರು ಕೂಗಿಕೊಂಡರು. ನಾಲ್ಕು ಜನ ಗಂಡಸರು ಹಾರಿ ಅಂಚಿಗೆ ಬೆನ್ನು ಕೊಟ್ಟು ಕೂತರು.

ಗುರುಗಳು ಮೈಕನ್ನು ಬಾಯಿಗೆ ಹಿಡಿದರು.

"ಸಂಬಥಣ್ಣ, ನಾನು ಯಿಮ್. ಮೊದಲೇ ಕರೀಬೇಕಿತ್ತು, ತಪ್ಪಾಯ್ತು. ಊರಿನ ಮರ್ಯಾದೆ ನಿಮ್ಮ ಕೈಲಿದೆ. ಬೇಗ ಬನ್ನಿ ಅಣ್ಣ!"

ಸಂಬಥ್ ಬಂದ. ಅಂಗಿಯಿಲ್ಲ, ಹೆಗಲ ಮೇಲೊಂದು ಚೌಕಳಿ ವಸ್ತ್ರ. ಕಾಲೆಳೆದುಕೊಂಡೇ ಓಡುತ್ತಿದ್ದ. ಜನ ಎದ್ದು ದಾರಿ ಬಿಟ್ಟು ಕೈಮುಗಿದರು. ಮಂಡಿ ಮಡಚಲಾಗದೆ ತಮ್ಮನ ಪಕ್ಕ ಕೆಸರಿನಲ್ಲಿ ಧೊಪ್ಪನೆ ಕೂತ.

"ಏಳೋ ಕತ್ತೆ. ಶೀತ ಆಗುತ್ತೆ."

"ಕರೆದ್ರಾ?"

"ಮೂರೂರಿಗೆ ಕೇಳೋ ಹಾಗೆ ಕರೆದ್ರು."

"ಕಿರೀಟ ವಾಪಸ್ ಕೇಳ್ಲಾ? ಈಗ ಏನು ಕೇಳಿದ್ರೂ ಕೊಡ್ತಾರೆ."

ಸಂಬಥ್ ತಲೆಯೆತ್ತಿ, ನಿಂತಲ್ಲೇ ನಡುಗುತ್ತಿದ್ದ ಹೊಸ ರಾವಣನನ್ನು ನೋಡಿದ.

"ಬೇಡ. ಹುಡುಗ ಚೆನ್ನಾಗೇ ನಿಂತಿದಾನೆ. ನೀನು ಹೇಳಿದ್ದೇ ಸರಿ ಕಣೋ, ನನ್ನ ಕೈಲಿ ಇನ್ನಾಗಲ್ಲ." ಎಂದವನೇ ತಮ್ಮನ ರಟ್ಟೆ ಹಿಡಿದು, ಹಳೆಯ ಗತ್ತಿನಲ್ಲಿ ಒಮ್ಮೆ ಗದ್ದ ಎತ್ತಿ, "ಏಳು!" ಎಂದ.

ಕುಂಭಕರ್ಣ ಎದ್ದ.

ನೀರು ಭೋರ್ಗರೆದು ನುಗ್ಗಿತು. ನಾಯಿ ಕೊಚ್ಚಿಹೋಯಿತು. ಹುಲ್ಲಿನ ಮೇಲೆ ಜಿಗಿಯುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಮಕ್ಕಳು ಮುದುಕರೆಲ್ಲ ಗದ್ದೆಯ ಕಡೆ ಓಡಿದರು. "ಬಿತ್ತು! ಗದ್ದೆಗೆ ಬಿತ್ತು!" ಎಂದು ಕೂಗು ಎದ್ದಿತು. ವಾದ್ಯದವರು ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದರು. ಗುರುಗಳು ಅಳುತ್ತಿದ್ದರೋ ನಗುತ್ತಿದ್ದರೋ, ಅವರಿಗೇ ತಿಳಿಯಲಿಲ್ಲ.

ಆಟ ಇನ್ನೂ ಮುಗಿದಿರಲಿಲ್ಲ. ಬಯಲಿನ ಆ ತುದಿಯಲ್ಲಿ ರಾಮ ಬಿಲ್ಲಿಗೆ ಬಾಣ ಹೂಡಿ ನಿಂತಿದ್ದ. ಕೆಸರಿನಲ್ಲಿ ಕೂತಿದ್ದ ಸಂಬಥ್ ತಮ್ಮನ ಕೈ ಬಿಟ್ಟಿರಲಿಲ್ಲ.

ಕುಂಭಕರ್ಣ ಬಗ್ಗಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ.

"ಪಕ್ಕಕ್ಕೆ ಸರಿ ಅಣ್ಣ. ಈಗ ನಾನು ನಿನಗೋಸ್ಕರ ಸಾಯ್ಬೇಕು."